ಬ್ರೇಕ್ ಬೂಸ್ಟರ್ (ಪೆಡಲ್ ಹಗುರ ಮಾಡೋ ಡಬ್ಬಿ) ಹೋಗೇತಿ ಅಂತಾರ. ಬದಲಿಸೋ ಮೊದ್ಲ ಹೆಂಗ ಪರೀಕ್ಷಾ ಮಾಡೋದ್ರಿ?

ಕಲಘಟಗಿ ರಸ್ತೆ: ಹಳೇ ಡೀಸೆಲ್ ಬೊಲೆರೊ. ಬ್ರೇಕ್ ಪೆಡಲ್ ಕಲ್ಲಿನಂಗ ಗಟ್ಟಿ ಆಗೇತಿ. ಗ್ಯಾರೇಜಿನ್ಯಾಗ ಬೂಸ್ಟರ್ ಹೋಗೇತಿ ಅಂದ್ರು. ಮನ್ಯಾಗ ನೋಡಬಹುದೇನ್ರಿ? ಕಾರವಾರಕ್ಕ ಹೋಗೋದೈತಿ.

ಗದಗ ಪೆಟ್ರೋಲ್: ಇಂಜಿನ್ ಬಂದ್ ಇಟ್ಟು ಪೆಡಲ್ ಐದಾರು ಸಲ ತುಳದು ಬೂಸ್ಟರ್ ಒಳಗಿನ ವ್ಯಾಕ್ಯೂಮ್ (ಗಾಳಿ ಎಳೆಯೋ ಶಕ್ತಿ) ಖಾಲಿ ಮಾಡ್ರಿ. ಆಮ್ಯಾಲ ಕಾಲು ಒತ್ತಿಟ್ಕೊಂಡ ಸ್ಟಾರ್ಟ್ ಮಾಡ್ರಿ. ಪೆಡಲ್ ತಾನ ಒಂಚೂರು ಕೆಳಗ ಇಳೀಬೇಕು. ಇಳೀಲಿಲ್ಲಂದ್ರ ಇಂಜಿನ್ ಗಾಳಿ ಎಳಕೊಳ್ಳೋ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಚ್ರಿ. ಪುಸ್ತಕದಾಗ ಐಡ್ಲಿಂಗಿಗೆ 18–20 ಇಂಚು (ಪಾದರಸದ ಅಳತಿ) ಅಂತ ಇರತೈತಿ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರ್ ಮ್ಯಾಲ ಐತಿ, ಇಲ್ಲಿ ಎರಡು ಇಂಚು ಕಮ್ಮಿ ಬಂದ್ರ ಗಾಬರಿ ಬ್ಯಾಡ.

ಹಾವೇರಿ ಡೀಸೆಲ್: ಅಣ್ಣಾ, ಪ್ರಶ್ನೆ ಓದಿದ್ಯೋ ಇಲ್ಲೋ? ಡೀಸೆಲ್‌ಗೆ ಮ್ಯಾನಿಫೋಲ್ಡಿನ್ಯಾಗ ಎಲ್ಲಿ ವ್ಯಾಕ್ಯೂಮ್! ಅದಕ್ಕ ಬ್ಯಾರೇ ಪಂಪ್ ಇರತೈತಿ, ಹಳೇ ಗಾಡಿಗೋಳಾಗ ಬಹಳ ಕಡೆ ಡೈನಮೋ ಹಿಂದ. ಬೂಸ್ಟರ್ ಕಡೆ ಪೈಪ್ ಬಿಚ್ಚಿ, ಇಂಜಿನ್ ಚಾಲೂ ಇಟ್ಟು ಬಾಯಿಗೆ ಹೆಬ್ಬೆರಳು ಇಡ್ರಿ. ಗಚ್ಚಂತ ಹಿಡೀಬೇಕು. ಹಿಡೀಲಿಲ್ಲಂದ್ರ ಪಂಪ್ ಇಲ್ಲಾ ಪೈಪ್ ನೋಡ್ರಿ. ಪಂಪಿಗೆ ಆಯಿಲ್ ಬರೋ ಸಣ್ಣ ಪೈಪ್ ಕಟ್ಟಿದ್ರ ಒಳಗಿನ ವೇನ್ (ತಿರುಗೋ ರೆಕ್ಕಿ) ಸವೀತಾವು. ಬೂಸ್ಟರಿಗೆ ಸಾವಿರಗಟ್ಟಲೆ ಸುರದ ಮ್ಯಾಲೂ ಪೆಡಲ್ ಹಂಗಽ ಗಟ್ಟಿ, ಕೊಟ್ಟ ರೊಕ್ಕ ವಾಪಸ್ ಬರಂಗಿಲ್ಲ.

ಗದಗ ಪೆಟ್ರೋಲ್: ಪಂಪ್ ಪಂಪ್ ಅಂತ ಕೂಗಬ್ಯಾಡ್ರಿ. ಪೈಪಿನ್ಯಾಗ ಚೆಕ್ ವಾಲ್ವ್ ಐತಿ. ಬೂಸ್ಟರ್ ಕಡೆಯಿಂದ ಊದಿದ್ರ ಗಾಳಿ ಹೋಗಬೇಕು, ಇಂಜಿನ್ ಕಡೆಯಿಂದ ಊದಿದ್ರ ಹೋಗಬಾರ್ದು. ಇನ್ನ, ಕೆಲವರು ವ್ಯಾಕ್ಯೂಮ್ ಪೈಪಿನ ಬದಲಿ ಡೀಸೆಲ್ ಹಾಕೋ ಮೆತ್ತನ ಪೈಪ್ ಕತ್ತರಿಸಿ ಹಚ್ಚತಾರ. ಬಿಸಿಗೆ ಚಪ್ಪಟಿ ಆಗಿ ಬಾಯಿ ಮುಚ್ಚತೈತಿ. ತಂಪಿದ್ದಾಗ ಬ್ರೇಕ್ ಛಲೋ, ಹತ್ತು ಕಿಲೋಮೀಟರ್ ಆದ ಮ್ಯಾಲ ಗಟ್ಟಿ! ವ್ಯಾಕ್ಯೂಮ್ ಪೈಪನ್ನಽ ತರ್ರಿ.

ಧಾರವಾಡ ಲೈನ್: ಇಬ್ರೂ ಲೀಕ್ ಬಿಟ್ರಿ. ಎರಡು ನಿಮಿಷ ಇಂಜಿನ್ ಓಡಿಸಿ ಬಂದ್ ಮಾಡಿ ತುಳೀರಿ. ಮೊದಲ ಸಲ ಆಳಕ್ಕ, ಆಮ್ಯಾಲ ಒಂದೊಂದು ಸಲಕ್ಕೂ ಮ್ಯಾಲ ಬರಬೇಕು. ಮೊದಲಽ ಗಟ್ಟಿ ಇದ್ರ ವ್ಯಾಕ್ಯೂಮ್ ನಿಲ್ಲವಲ್ದು. ಇನ್ನೊಂದು: ಚಾಲೂ ಇದ್ದಾಗ ತುಳದು ಹಿಡಿದು ಬಂದ್ ಮಾಡ್ರಿ, ಮೂವತ್ತು ಸೆಕೆಂಡ್ ಪೆಡಲ್ ಕದಲಬಾರ್ದು. ಪೆಡಲ್ ಮ್ಯಾಲಕ್ಕ ದಬ್ಬಿದ್ರ ಬೂಸ್ಟರ್ ಸೋರತೈತಿ. ಕೆಳಗ ಕುಸದ್ರ ಬ್ರೇಕ್ ಆಯಿಲ್ ದಬ್ಬೋ ಮಾಸ್ಟರ್ ಸಿಲಿಂಡರ್ ನೋಡ್ರಿ. ತುಳದಾಗ ಕಾಲಿನ ಹತ್ರ ಸುಸ್ಸಂತ ಸಪ್ಪಳ ನಿಲ್ಲದಽ ಬಂದು ಐಡ್ಲಿಂಗ್ ಏರುಪೇರಾದ್ರ ಬೂಸ್ಟರ್ ಒಳಗಿನ ರಬ್ಬರ್ ಪರದಿ (ಡಯಾಫ್ರಮ್) ಹರದೈತಿ.

ಹಾವೇರಿ ಡೀಸೆಲ್: ಡೀಸೆಲ್‌ದಾಗ ಐಡ್ಲಿಂಗ್ ಏರುಪೇರಾಗಂಗಿಲ್ಲ ಮಾರಾಯ! ಮತ್ತ ಪೆಟ್ರೋಲ್ ಪುರಾಣ.

ಧಾರವಾಡ ಲೈನ್: ಸಪ್ಪಳ ಅಂತೂ ಬರತೈತಲ್ಲ? ಅಷ್ಟು ಸಾಕು. ಬೂಸ್ಟರ್ ಪೈಪ್ ಕಿತ್ತಾಗ ತಂತಿಗೆ ಅರಳಿ ಸುತ್ತಿ ಒಳಗ ಹಾಕಿ ನೋಡ್ರಿ. ಬ್ರೇಕ್ ಆಯಿಲ್ ಹತ್ತಿ ಬಂದ್ರ ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಹೋಗೇತಿ. ಬರೇ ಬೂಸ್ಟರ್ ಬದಲಿಸಿದ್ರ ಹೊಸದಕ್ಕೂ ಆಯಿಲ್ ಇಳೀತೈತಿ, ಎರಡೂ ಖರ್ಚು ನಿಮ್ಮ ತಲಿಮ್ಯಾಲ. ಬ್ರೇಕ್ ಆಯಿಲ್ ಲೈನ್ ಬಿಚ್ಚಿದ್ರ ಬ್ಲೀಡಿಂಗ್ (ಒಳಗಿನ ಗಾಳಿ ತಗಿಯೋದು) ಲೇಬರ್ ಬ್ಯಾರೇ.

ಗದಗ ಪೆಟ್ರೋಲ್: ಲೈನ್ ಯಾಕ ಬಿಚ್ಚಬೇಕು? ಬಹಳ ಗಾಡಿಗೋಳಾಗ ಸಿಲಿಂಡರ್ ಎರಡು ನಟ್ ತಗದು ಮುಂದಕ್ಕ ಸರಸಬಹುದು. ಬಿಲ್ ಹೆಚ್ಚಿಸೋ ಬುದ್ಧಿ ಇದು.

ಧಾರವಾಡ ಲೈನ್: ಸರಸೂವಾಗ ಪೈಪ್ ಬೆಂಡಾಗಿ ಸೀಳಿದ್ರ ನೀವು ಕೊಡ್ತೀರೇನು? ಸೀಲ್ ಹೋಗಿದ್ರ ಬಿಚ್ಚಲೇಬೇಕು. ಹೊಸ ಬೂಸ್ಟರಿನ ಪುಶ್‌ರಾಡ್ (ಸಿಲಿಂಡರ್ ಒತ್ತೋ ಕಡ್ಡಿ) ಉದ್ದ ಹಳೇದಕ್ಕ ಹೊಂದಿಸದಽ ಜಾಸ್ತಿ ಇಟ್ಟು ಹಾಕಿದ್ರ ಬ್ರೇಕ್ ಹಿಡದ ಇರತೈತಿ, ಡ್ರಮ್ ಕಾಯತೈತಿ. ಅದನ್ನ ಯಾರೂ ಹೇಳಲಿಲ್ಲ.

ಹಾವೇರಿ ಡೀಸೆಲ್: ಇವೆಲ್ಲ ಪಾಸಾದ್ರೂ ಪೆಡಲ್ ಗಟ್ಟಿ ಇದ್ರ ಪ್ಯಾಡ್ ಗಾಜಿನ ಹೊಳಪು ಬಂದೈತೇನು, ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ ಜಾಮ್ ಆಗೇತೇನು ನೋಡ್ರಿ. ಇನ್ನ, ಕಾರವಾರ ದಾರ್ಯಾಗಿನ ಅರಬೈಲ್ ಘಟ್ಟ ಇಳಿಯೋವಾಗ ಡೀಸೆಲ್ ಉಳಸಾಕ ಇಂಜಿನ್ ಬಂದ್ ಮಾಡೂ ಮಂದಿ ಇದಾರ. ಎರಡ್ಮೂರು ತುಳಿತದಾಗ ಬೂಸ್ಟರ್ ಖಾಲಿ.

ಗದಗ ಪೆಟ್ರೋಲ್: ಬಂದ್ ಮಾಡ್ರಿ ಅಂತ ಯಾರಂದ್ರು ಇಲ್ಲಿ? ಗೇರ್‌ನ್ಯಾಗಽ ಇಳಸೋದು ಎಲ್ಲಾರಿಗೂ ಗೊತ್ತೈತಿ.