ಅಪ್‌ಡೇಟ್: ಗ್ರಾಮಸಭೆಯಲ್ಲಿ ಹೆಂಗಸರ ಲೆಕ್ಕ, ಕೊನೆಗೂ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಉಡುಪಿ ಕಡೆಯ ಕೆಲವು ಪಂಚಾಯತ್‌ಗಳ ಗ್ರಾಮಸಭೆ ಹಾಜರಾತಿ ಪಟ್ಟಿಯಲ್ಲಿ ಗಂಡು-ಹೆಣ್ಣು ಕಾಲಂ ಇಲ್ಲ, ಹೆಂಗಸರ ಪಾಲು ತೆಗೆಯುವುದು ಹೇಗೆ ಅಂತ? ಕೆಲಸ ಮುಗಿಯಿತು ಮಾರಾಯ್ರೆ.

ಹೆಸರು ನೋಡಿ ಎಕ್ಸೆಲ್‌ನಲ್ಲಿ ಫಾರ್ಮುಲಾ ಹಾಕುವ ಉಪಾಯ ಕೈಕೊಟ್ಟಿತು. 'ಜಯ ಪೂಜಾರಿ' ಅಂದರೆ ಗಂಡಸೋ ಹೆಂಗಸೋ? ಪೂಜಾರಿ, ಶೆಟ್ಟಿ, ಕೋಟ್ಯಾನ್ ಇಬ್ಬರಿಗೂ ಒಂದೇ ಅಲ್ವಾ. ಪಟ್ಟಿಯ ಫೈಲ್ ತೆರೆದರೆ ಅಕ್ಷರ ಚಿತ್ರಾನ್ನ ಆಗುತ್ತಿತ್ತು; ಅದು ಯುನಿಕೋಡ್ ಅಲ್ಲದ ಹಳೇ 'ನುಡಿ' ಫಾಂಟಿನಿಂದ ಎಂದು ಉತ್ತರಿಸಿದವರು ಸರಿ. ಯುನಿಕೋಡ್‌ಗೆ ಬದಲಿಸಿದೆ, ಕೆಲವು ಒತ್ತಕ್ಷರ ಮಾತ್ರ ಕೈಯಲ್ಲೇ ತಿದ್ದಬೇಕಾಯಿತು.

ನಿಜವಾಗಿ ಕೆಲಸಕ್ಕೆ ಬಂದದ್ದು 'ಹಾಜರಾತಿ ಬಿಡಿ, ನಡಾವಳಿ ಪುಸ್ತಕ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕ) ಓದಿ' ಎಂಬ ಸಲಹೆ. ಯಾರು ಏನು ಕೇಳಿದರು, ಅದು ಕ್ರಿಯಾ ಯೋಜನೆಗೆ ಸೇರಿತೋ ಇಲ್ಲವೋ ಎಂದು ಎರಡು ಕಾಲಂ ಹಾಕಿದೆ. ಸಹಿ ಹಾಕಿದ ಹೆಂಗಸರು ತುಂಬಾ ಜನ, ಪುಸ್ತಕದಲ್ಲಿ ಮಾತಾಡಿದವರು ಬೆರಳೆಣಿಕೆ. ಪಂಚಾಯತ್‌ನಲ್ಲಿ 50% ಸೀಟು ಹೆಂಗಸರದ್ದು, ಆದರೂ ಒಂದು ಕಡೆ ಸದಸ್ಯೆ ಕೇಳಿದ ದಾರಿದೀಪ ಅವರ ಗಂಡನ ಹೆಸರಲ್ಲಿ ಬರೆದಿತ್ತು!

ಅಚ್ಚರಿ ಇನ್ನೊಂದು. ಒಂದು ವಾರ್ಡಿನಿಂದ ಹನ್ನೊಂದು ಗಂಟೆಯ ಸಭೆಗೆ ಹೆಂಗಸರೇ ಬರುತ್ತಿರಲಿಲ್ಲ. ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ಆಶಾ ಕಾರ್ಯಕರ್ತೆ ಅಕ್ಕ ನಕ್ಕರು: "ಬೆಳಿಗ್ಗೆ ಹನ್ನೊಂದಕ್ಕೆ ಅವರು ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋಗುವುದಲ್ವಾ!" ಮುಂದಿನ ಸಭೆ ಮೂರು ಗಂಟೆಗೆ ಇಡಲು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಒಪ್ಪಿದ್ದಾರೆ.