ಹತ್ತು ಮಳೆಗಾಲ ತಡೆಯುವ ಮಾಳ ಕಟ್ಟುವುದು ಹೇಗೆ? ಕಟ್ಟಿದವರು ಹೇಳಿ

ಪ್ರಶ್ನೆ, ಸಾಗರ ತಾಲ್ಲೂಕಿನಿಂದ

ನಮ್ಮದು ಕಾಡಿನಂಚಿನ ಗದ್ದೆ. ಮೇಲ್ಗಡೆ ಗುಡ್ಡ, ಕೆಳಗೆ ಹಳ್ಳ. ಭತ್ತ ಹೊಡೆ ಬಂದಾಗಿನಿಂದ ಕೊಯ್ಲಿನ ತನಕ ಜಿಂಕೆ, ಕಡವೆ, ಹಂದಿ ಒಂದಲ್ಲ ಒಂದು ಇಳಿಯುತ್ತಲೇ ಇರುತ್ತದೆ. ಪ್ರತಿ ವರ್ಷ ಕಾವಲಿಗೆ ಬಿದಿರಿನ ಮಾಳ, ಅಂದರೆ ಕಂಬದ ಮೇಲೆ ಎತ್ತರದಲ್ಲಿ ಕೂರುವ ಅಟ್ಟಣೆ, ಕಟ್ಟುತ್ತೇವೆ. ಮುಂದಿನ ವರ್ಷ ನೋಡಿದರೆ ಕಾಲು ಕೊಳೆತು ವಾಲಿರುತ್ತದೆ. ಈ ಸಲ ಗಟ್ಟಿಯಾಗಿ ಒಂದು ಕಟ್ಟಿಬಿಡೋಣ ಅಂತ ಇದ್ದೇವೆ. ತಮ್ಮನಿಗೆ ಫೋಟೊ ಹುಚ್ಚು. ಕೊಯ್ಲು ಮುಗಿದ ಮೇಲೆ ಅದರಲ್ಲೇ ಕೂತು ಜಿಂಕೆ, ಹಕ್ಕಿ ಫೋಟೊ ತೆಗೆಯುತ್ತೇನೆ ಅನ್ನುತ್ತಾನೆ. ಇಬ್ಬರು ಕೂರುವಷ್ಟು ಜಾಗ ಸಾಕು. ಮರ ಒಳ್ಳೆಯದಾ, ಕಬ್ಬಿಣವಾ? ಎಷ್ಟು ಎತ್ತರ ಬೇಕು? ಎಲ್ಲಿ ಕಟ್ಟಬೇಕು?

ಹೊಸನಗರ ಕಡೆಯ ರೈತ

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮಾಳ ಕಟ್ಟುತ್ತಿದ್ದೇವೆ. ಮರ, ಕಬ್ಬಿಣ ಎರಡೂ ಬಾಳುತ್ತವೆ. ಎರಡನ್ನೂ ಹಾಳು ಮಾಡುವುದು ನಿಂತ ನೀರು. ನಿಮ್ಮ ಬಿದಿರಿನ ಕಾಲು ಎಲ್ಲಿ ಕೊಳೆತಿತ್ತು ನೆನಪು ಮಾಡಿಕೊಳ್ಳಿ. ಮಣ್ಣಿನೊಳಗೆ ಎರಡಡಿ ಕೆಳಗಿನ ಭಾಗ ಎಷ್ಟೋ ಸಲ ಗಟ್ಟಿ ಇರುತ್ತದೆ. ಕೊಳೆಯುವುದು ಮಣ್ಣಿನ ಮಟ್ಟಕ್ಕೆ ಸರಿಯಾಗಿ, ಒಂದು ಗೇಣು ಮೇಲೆ ಕೆಳಗೆ. ಅಲ್ಲಿ ಗಾಳಿಯೂ ಇದೆ, ಪಸೆಯೂ ಇದೆ. ಬೂಜಿಗೆ ಎರಡೂ ಬೇಕು. ಒರಲೆ (ಗೆದ್ದಲು) ಹತ್ತುವುದೂ ಅಲ್ಲಿಂದಲೇ.

ಹಾಗಾಗಿ ಕಂಬವನ್ನು ಮಣ್ಣಿಗೆ ಹುಗಿಯಲೇಬೇಡಿ. ನಾಲ್ಕು ಹೊಂಡ ತೆಗೆಯಿರಿ, ಒಂದೂವರೆ ಅಡಿ ಚೌಕ, ಎರಡಡಿ ಆಳ. ಕೆಳಗೆ ಜಲ್ಲಿ ಹಾಸಿ ಕಾಂಕ್ರೀಟ್ ತುಂಬಿ. ಕಟ್ಟೆ ನೆಲದಿಂದ ಮುಕ್ಕಾಲು ಅಡಿ ಮೇಲೆ ಬರಬೇಕು, ಅದರ ತಲೆ ಸ್ವಲ್ಪ ಇಳಿಜಾರಾಗಿ ಇರಬೇಕು. ಕಾಂಕ್ರೀಟ್ ಹಸಿ ಇರುವಾಗಲೇ ಯು ಆಕಾರದ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ. ಕಂಬವನ್ನು ಆ ಪಟ್ಟಿಯ ನಡುವೆ ನಿಲ್ಲಿಸಿ ಎರಡು ಬೋಲ್ಟ್ ಹಾಕಿ. ಕಂಬದ ಬುಡ ಕಾಂಕ್ರೀಟಿಗೆ ತಾಗದಂತೆ ಬೆರಳು ದಪ್ಪದ ಸಂದು ಬಿಡಿ. ಮಳೆ ನಿಂತ ಮೇಲೆ ಬುಡ ತಾನೇ ಒಣಗುತ್ತದೆ. ಒರಲೆ ಬಂದರೂ ಕಟ್ಟೆಯ ಮೇಲೆ ಮಣ್ಣಿನ ದಾರಿ ಮಾಡಿಕೊಂಡೇ ಬರಬೇಕು. ಕಣ್ಣಿಗೆ ಕಾಣುತ್ತದೆ, ಕೆರೆದು ಹಾಕಿದರೆ ಆಯಿತು.

ಗದ್ದೆಯ ಅಂಚಿನ ಮೇಲೆ ಮಾತ್ರ ಕಟ್ಟಬೇಡಿ. ಆ ಮಣ್ಣು ಆರು ತಿಂಗಳು ಕೆಸರು. ಪಕ್ಕದಲ್ಲಿ ದಿಬ್ಬ ಇದ್ದೇ ಇರುತ್ತದೆ, ಅಲ್ಲಿ ನಿಲ್ಲಿಸಿ.

ಮರದ ವಿಷಯ. ಮತ್ತಿ, ಹೊನ್ನೆ, ಸಾಗವಾನಿ, ಹಲಸು ಯಾವುದಾದರೂ ಸರಿ, ಚೇಗು (ಒಳಗಿನ ಬಲಿತ ಗಟ್ಟಿ ಭಾಗ) ಇರಬೇಕು. ಬಿಳಿ ಭಾಗ ಇದ್ದರೆ ಕೆತ್ತಿ ತೆಗೆಯಿರಿ. ಅದು ಹುಳಕ್ಕೆ ಊಟ. ನಿಮ್ಮದೇ ಜಾಗದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿ. 1976ರ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಬರುತ್ತದೆ. ಅಡಿಕೆ, ತೆಂಗಿಗೆ ಆ ತೊಡಕಿಲ್ಲ. ಹಳೇ ಮನೆ ಬಿಚ್ಚಿದ ತೊಲೆ, ಪಕಾಸು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೀಳುವುದಿಲ್ಲ, ತಿರುಚುವುದೂ ಇಲ್ಲ.

ಅಳತೆ ಹೀಗೆ. ಮೇಲಿನ ನೆಲ ಆರಡಿ ಚೌಕ. ಕಾಲುಗಳು ಕೆಳಗೆ ಎಂಟಡಿ ಅಗಲಕ್ಕೆ ಚಾಚಿರಲಿ. ನೆಟ್ಟಗೆ ನಿಂತ ನಾಲ್ಕು ಕಂಬ ಗಾಳಿಗೆ ಅಲುಗಾಡುತ್ತದೆ, ಅಲುಗಾಡಿದರೆ ಬೋಲ್ಟಿನ ತೂತು ದೊಡ್ಡದಾಗುತ್ತದೆ, ಆ ತೂತಿಗೆ ನೀರು ಇಳಿಯುತ್ತದೆ. ಅದಕ್ಕೇ ಮೂರು ಬದಿಗೆ ಗುಣಿಸು ಗುರುತಿನ ಹಾಗೆ ಅಡ್ಡಪಟ್ಟಿ ಹಾಕಿ. ನಾಲ್ಕನೇ ಬದಿಗೆ ಏಣಿ. ತೊಲೆಯನ್ನು ಕಂಬಕ್ಕೆ ಬರೀ ಮೊಳೆ ಹೊಡೆದು ನೇತುಹಾಕಬೇಡಿ. ಕಂಬಕ್ಕೆ ಕಚ್ಚು ಹೊಡೆದು, ತೊಲೆ ಅದರ ಮೇಲೆ ಕೂತು, ಆಮೇಲೆ ಬೋಲ್ಟ್. ಭಾರ ಮರದ ಮೇಲೆ ಇರಬೇಕು, ಬೋಲ್ಟ್ ಸುಮ್ನೆ ಹಿಡಿದುಕೊಂಡಿರಬೇಕು. ಕೊಯ್ದ ಮರದ ತಲೆ ಎಲ್ಲೆಲ್ಲಿ ಆಕಾಶಕ್ಕೆ ಮುಖ ಮಾಡಿದೆಯೋ ಅಲ್ಲೆಲ್ಲ ತಗಡಿನ ಟೊಪ್ಪಿ ಹಾಕಿ. ಕೊಯ್ದ ತಲೆಯಿಂದ ಒಳಗೆ ಇಳಿಯುವಷ್ಟು ನೀರು ಪಕ್ಕದಿಂದ ಇಳಿಯುವುದಿಲ್ಲ.

ನೆಲಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು. ಒಳಗಿನ ತಿರುಳು ಪೂರ್ತಿ ಕೆತ್ತಿ, ಬಿಸಿಲಿಗೆ ಒಣಗಿಸಿ. ದಬ್ಬೆ ದಬ್ಬೆ ನಡುವೆ ಕಾಲು ಇಂಚು ಸಂದು ಇರಲಿ, ನೀರು ಇಳಿಯಲಿ. ದಬ್ಬೆಯನ್ನು ನಾಲ್ಕೈದು ವರ್ಷಕ್ಕೆ ಬದಲಾಯಿಸುತ್ತೀರಿ ಅಂತಲೇ ಲೆಕ್ಕ ಹಾಕಿ ಸ್ಕ್ರೂ ಹಾಕಿ. ಮೊಳೆ ಹೊಡೆದರೆ ಕೀಳುವಾಗ ರೀಪೂ ಹಾಳು.

ಬಳಿಯುವುದಕ್ಕೆ ನಮ್ಮಲ್ಲಿ ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ಒರಲೆ ಹತ್ತಿರ ಸುಳಿಯುವುದಿಲ್ಲ. ಆದರೆ ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಕೆಲವರು ಗಾಡಿಯ ಹಳೇ ಆಯಿಲ್ ಬಳಿಯುತ್ತಾರೆ. ಕೆಳಗೆ ಹಳ್ಳ ಇದೆ ಅಂದಿರಲ್ಲ, ದಯವಿಟ್ಟು ಬೇಡ. ಅದು ಮಳೆಗೆ ತೊಳೆದು ನೀರಿಗೇ ಹೋಗುತ್ತದೆ.

ಬಿದಿರೇ ಬೇಕು ಅಂದರೆ ಗೋಡೆಗೆ, ಕಟಾಂಜನಕ್ಕೆ (ಸುತ್ತಲಿನ ಅಡ್ಡಗಟ್ಟಿಗೆ) ಬಳಸಿ. ಮೂರು ನಾಲ್ಕು ವರ್ಷ ಬಲಿತ ಗಳವನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಒಳಗಿನ ಹಿಟ್ಟಿನ ಅಂಶ ತೊಳೆದು ಹೋದರೆ ಕುಟ್ಟೆ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ.

ತೀರ್ಥಹಳ್ಳಿಯ ವೆಲ್ಡಿಂಗ್ ಕೆಲಸದವ

ಮೇಲಿನವರು ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಕಬ್ಬಿಣಕ್ಕೂ ಅದೇ ಮಾತು. ಎರಡಿಂಚಿನ ಜಿಐ ಪೈಪಿನಲ್ಲಿ, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪಿನಲ್ಲಿ, ನಾನು ಮಾಳ ಮಾಡಿಕೊಡುತ್ತೇನೆ. ಜನ ಜಿಐ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂದುಕೊಳ್ಳುತ್ತಾರೆ. ವೆಲ್ಡ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಆ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಜಿಂಕ್ ಪ್ರೈಮರ್ ಎರಡು ಸಲ, ಮೇಲೆ ಹಸಿರು ಇಲ್ಲ ಕಂದು ಬಣ್ಣ. ಸತು ಸುಡುವಾಗ ಬರುವ ಬಿಳಿ ಹೊಗೆ ಕುಡಿಯಬಾರದು, ಗಾಳಿ ಆಡುವ ಕಡೆ ಕೆಲಸ ಮಾಡಿಸಿ.

ಪೈಪಿನ ಮೇಲಿನ ಬಾಯಿ ಮುಚ್ಚಬೇಕು. ತೆರೆದಿದ್ದರೆ ಮಳೆ ನೀರು ತುಂಬಿ ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಂದು ದಿನ ಕಾಲು ಮಡಚುತ್ತದೆ.

ಆದರೆ ನಿಮಗೆ ಫೋಟೊ ಕೆಲಸವೂ ಇದೆ ಅಲ್ವಾ? ಕಬ್ಬಿಣದ ಮಾಳದಲ್ಲಿ ಒಂದು ಬಾಟಲಿ ಬಿದ್ದರೂ ಠಣ್ ಅಂತ ಗುಡ್ಡಕ್ಕೆಲ್ಲ ಕೇಳುತ್ತದೆ. ಕಾಲು, ತೊಲೆ ಕಬ್ಬಿಣದ್ದು, ನೆಲ, ಗೋಡೆ ಮರದ್ದು ಮಾಡಿಸಿ. ಕಬ್ಬಿಣ ಮತ್ತು ಮರದ ನಡುವೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಡಿ, ಕಿರುಗುಟ್ಟುವುದಿಲ್ಲ. ಮಾಡಿಗೆ (ಚಾವಣಿಗೆ) ಜಿಂಕ್ ಶೀಟು, ಮುಂದಕ್ಕೆ ಒಂದೂವರೆ ಅಡಿಯಾದರೂ ಚಾಚಿರಲಿ. ಶೀಟಿನ ತೂತು ಉಬ್ಬಿದ ಏಣಿನ ಮೇಲೆ ಹೊಡೆಯಿರಿ, ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಆದಂತೆ. ಶೀಟಿನ ಮೇಲೆ ಅಡಿಕೆ ಸೋಗೆ ಹಾಸಿ ಕಟ್ಟಿ. ಹೊಳಪು ಮುಚ್ಚುತ್ತದೆ, ಬಿಸಿಲು ತಡೆಯುತ್ತದೆ, ಮಳೆ ಸದ್ದೂ ಕಡಿಮೆ.

ಏಣಿ ಹೇಗಿರಬೇಕು ಅಂತ ಯಾರೂ ಹೇಳಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಇಳಿಯುವವರು ನೀವೇ. ನೇರ ಏಣಿ ಬೇಡ, ನಾಲ್ಕಡಿ ಎತ್ತರಕ್ಕೆ ಒಂದಡಿ ಓರೆ. ಮೆಟ್ಟಿಲು ಒಂದೊಂದಡಿಗೆ. ಏಣಿಯ ಹಿಡಿಕೆ ಮಾಳದ ನೆಲ ದಾಟಿ ಮೂರಡಿ ಮೇಲಕ್ಕೆ ಬರಬೇಕು, ಹಿಡಿದುಕೊಂಡೇ ಕಾಲಿಡಬೇಕು. ಸುತ್ತ ಕಟಾಂಜನ ಮೂರೂವರೆ ಅಡಿ.

ಶಿರಸಿಯ ಫೋಟೊಗ್ರಾಫರ್

ಎತ್ತರ ಮತ್ತು ಜಾಗದ ಬಗ್ಗೆ ಹೇಳುತ್ತೇನೆ. ನಿಮ್ಮ ಎರಡು ಕೆಲಸ ಒಂದಕ್ಕೊಂದು ವಿರುದ್ಧ. ಕಾವಲಿನ ಮಾಳ ಪ್ರಾಣಿಗೆ ಗೊತ್ತಾಗಬೇಕು: ಬೆಳಕು, ರೇಡಿಯೊ, ಡಬ್ಬ ಬಡಿಯುವ ಸದ್ದು. ಫೋಟೊ ಮಾಳ ಅಲ್ಲಿದೆ ಅಂತಲೇ ಗೊತ್ತಾಗಬಾರದು. ನಿಮ್ಮ ಅದೃಷ್ಟಕ್ಕೆ ಕಾಲ ಬೇರೆ ಬೇರೆ. ಕೊಯ್ಲಿನ ತನಕ ಕಾವಲು, ಆಮೇಲೆ ಒಂದಷ್ಟು ವಾರ ಯಾರೂ ಹತ್ತದೆ ಖಾಲಿ ಬಿಡಿ. ಜಿಂಕೆಗಳು ಅದನ್ನು ಒಂದು ಮರ ಅನ್ನುವ ಹಾಗೆ ಒಪ್ಪಿಕೊಳ್ಳುತ್ತವೆ. ಹೊಸದಾಗಿ ಎದ್ದ ಗೂಡಿನ ಹತ್ತಿರ ಮೊದಲ ವಾರವೇ ಬರಲಿ ಅಂದರೆ ಬರುವುದಿಲ್ಲ.

ಗಾಳಿಯೇ ಮುಖ್ಯ. ಜಿಂಕೆಯ ಕಣ್ಣಿಗೆ ಮಣ್ಣೆರಚಬಹುದು, ಮೂಗಿಗೆ ಆಗುವುದಿಲ್ಲ. ಗುಡ್ಡದ ಸೀಮೆಯಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲು ಇಳಿದ ಮೇಲೆ ತಂಪು ಗಾಳಿ ಗುಡ್ಡದಿಂದ ಹಳ್ಳಕ್ಕೆ ಇಳಿಯುತ್ತದೆ, ರಾತ್ರಿಯೆಲ್ಲ ಹಾಗೇ. ಬೆಳಗ್ಗೆ ಬಿಸಿಲು ಕಾದ ಮೇಲೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಿಮ್ಮಲ್ಲಿ ಪ್ರಾಣಿ ಇಳಿಯುವುದು ಗುಡ್ಡದಿಂದ. ಹಾಗಿದ್ದರೆ ಮಾಳ ಗದ್ದೆಯ ಕೆಳಬದಿಗೆ ಇರಲಿ. ಸಂಜೆ ಮತ್ತು ನಸುಕಿನಲ್ಲಿ ನಿಮ್ಮ ವಾಸನೆ ಹಳ್ಳದ ಕಡೆ ಹೋಗುತ್ತದೆ. ಬಿಸಿಲು ಚುರುಕಾದ ಮೇಲೆ ಕೂತು ಫಲವಿಲ್ಲ, ಇಳಿದು ಬನ್ನಿ. ಹಳ್ಳದ ದಡಕ್ಕೇ ಹೋಗಬೇಡಿ, ಚಳಿಗಾಲದಲ್ಲಿ ಅಲ್ಲಿ ಮಂಜು ಬೇಗ ಕರಗುವುದಿಲ್ಲ, ಲೆನ್ಸ್ ಒದ್ದೆಯಾಗುತ್ತದೆ. ಕಟ್ಟುವ ಮೊದಲು ನಾಲ್ಕಾರು ಸಂಜೆ ಆ ಜಾಗದಲ್ಲಿ ನಿಂತು ಚಿಟಿಕೆ ಬೂದಿ, ಇಲ್ಲ ಬೂರುಗದ ಅರಳೆ ಹಾರಿಸಿ ನೋಡಿ. ಹಿಂದೆ ಬೇಟೆಗೆ ಮರಸು (ಅಡಗಿ) ಕೂರುತ್ತಿದ್ದ ಹಿರಿಯರು ನಿಮ್ಮ ಊರಲ್ಲಿ ಇನ್ನೂ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ಬೇಟೆ ನಿಂತು ಹೋಯಿತು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಲ್ಲಲೇಬೇಕಿತ್ತು. ಆದರೆ ಯಾವ ಗಂಡಿಯಲ್ಲಿ ಕಡವೆ ಇಳಿಯುತ್ತದೆ, ಯಾವ ತಿಂಗಳು ಗಾಳಿ ಎತ್ತ ಅನ್ನುವ ಆ ತಿಳಿವಳಿಕೆ ಅವರ ಜೊತೆಗೇ ಹೋಗಬಾರದು.

ನೆಲದಿಂದ ಎಂಟಡಿ ಸಾಕು. ಕಾವಲಿಗೆ ಇಡೀ ಗದ್ದೆ ಕಾಣುತ್ತದೆ. ಇನ್ನೂ ಮೇಲೆ ಹೋದರೆ ಫೋಟೊದಲ್ಲಿ ಜಿಂಕೆಯ ಬೆನ್ನು ಮಾತ್ರ ಬರುತ್ತದೆ. ನಿಜ ಹೇಳಬೇಕೆಂದರೆ ಒಳ್ಳೆಯ ಫೋಟೊ ಪ್ರಾಣಿಯ ಕಣ್ಣಿನ ಮಟ್ಟದಲ್ಲೇ ಸಿಗುವುದು. ಅದಕ್ಕೇ ಮಾಳದ ಕೆಳಗಿನ ನಾಲ್ಕು ಕಾಲಿನ ನಡುವೆ ಗೋಣಿ ಮತ್ತು ಸೊಪ್ಪು ಕಟ್ಟಿ ಇನ್ನೊಂದು ಗೂಡು ಮಾಡಿ. ಖರ್ಚೇ ಇಲ್ಲ.

ಕಿಂಡಿಯನ್ನು ಕುರ್ಚಿ ಇಟ್ಟು, ಕೂತು, ಕಣ್ಣಿನ ಮಟ್ಟ ಗುರುತು ಹಾಕಿಯೇ ಕೊಯ್ಯಿರಿ. ಕುರ್ಚಿಗೆ ಸುಮಾರು ನಾಲ್ಕಡಿ, ನೆಲದ ಮೇಲೆ ಕೂರುವುದಾದರೆ ಎರಡೂವರೆ. ಒಂದು ಗೇಣು ಎತ್ತರದ ಉದ್ದ ಕಿಂಡಿ, ಹಲಗೆಯ ಬಾಗಿಲು ಒಳಗಡೆಗೆ ತೆರೆಯಬೇಕು. ಹೊರಗೆ ಬಾಗಿಲು ಅಲುಗಿದರೆ ಆಟ ಮುಗಿಯಿತು. ಹಿಂದಿನ ಗೋಡೆ ಪೂರ್ತಿ ಮುಚ್ಚಿರಲಿ, ಒಳಗೆ ಕಪ್ಪು ಬಟ್ಟೆ. ಹಿಂದೆ ಬೆಳಕು ಇದ್ದರೆ ನಿಮ್ಮ ತಲೆಯ ನೆರಳು ಅರ್ಧ ಗದ್ದೆಗೆ ಕಾಣುತ್ತದೆ.

ಇನ್ನೊಂದು. ಮಾಡು ಸೋರಿತು ಅಂತ ನೀಲಿ ಟಾರ್ಪಾಲ್ ಹೊದೆಸಬೇಡಿ. ಜಿಂಕೆ ಜಾತಿಗೆ ಕೆಂಪು, ಕಿತ್ತಳೆ ಅಷ್ಟಾಗಿ ಬೇರೆ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ.

ಬೇಸಿಗೆಯಲ್ಲಿ ಮುಂದೆ ಒಂದು ಕಲ್ಲಿನ ಮರಿಗೆ, ಅಂದರೆ ತೊಟ್ಟಿ, ಇಟ್ಟು ನೀರು ತುಂಬಿ. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಹಕ್ಕಿ ನೋಡಲು ಬರುವವರಿಗೆ ಹೀಗೇ ನೀರಿನ ತೊಟ್ಟಿ ಇಟ್ಟಿದ್ದಾರೆ, ಹಕ್ಕಿಗಳು ಕೈಗೆ ಎಟಕುವಷ್ಟು ಹತ್ತಿರ ಬರುತ್ತವೆ. ಉಪ್ಪು, ಹಣ್ಣು ಹಾಕಿ ಜಿಂಕೆ ಕರೆಯಬೇಡಿ. ಆ ರುಚಿ ಹತ್ತಿದರೆ ಮುಂದಿನ ವರ್ಷ ನಿಮ್ಮ ಭತ್ತಕ್ಕೇ ಬರುತ್ತವೆ.

ರಾಣೆಬೆನ್ನೂರು ಕಡೆಯಿಂದ

ನಮ್ಮದು ಬಯಲು, ಕೃಷ್ಣಮೃಗದ ಅಭಯಾರಣ್ಯದ ಪಕ್ಕ. ಇಲ್ಲಿ ಎತ್ತರದ ಮಂಚಿಕೆ ಹಾಕುವುದು ಕಾವಲಿಗೆ ಮಾತ್ರ. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಲು ಅದು ಬೇಕು. ಚಿಗರಿ (ಕೃಷ್ಣಮೃಗ) ನೋಡಲು ಸೊಂಟದೆತ್ತರದ ಗೂಡು, ಮೇಲೆ ಜೋಳದ ದಂಟು ಹೊದೆಸಿದರೆ ಸಾಕು.

ನಾನು ಹೇಳಬೇಕಾದ್ದು ಸಿಡಿಲಿನ ಬಗ್ಗೆ. ಏಪ್ರಿಲ್, ಮೇ ಮಳೆ ಮತ್ತು ಅಕ್ಟೋಬರ್ ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಇಳಿದು ಮನೆ ಸೇರಿ. ಬಯಲಿನಲ್ಲಿ ಒಂಟಿಯಾಗಿ ಎತ್ತರಕ್ಕೆ ನಿಂತದ್ದಕ್ಕೇ ಸಿಡಿಲು ಹೆಚ್ಚಾಗಿ ಹೊಡೆಯುವುದು, ಮರದ್ದಾದರೂ ಅಷ್ಟೇ, ಕಬ್ಬಿಣದ್ದಾದರೂ ಅಷ್ಟೇ. ಒಂಟಿ ಮರದ ಬುಡಕ್ಕೂ ಹೋಗಬೇಡಿ.

ಗುಂಡ್ಲುಪೇಟೆಯ ರೈತ

ಆನೆ ಬರುವ ಜಾಗವಾದರೆ ಮೇಲಿನ ಯಾವ ಅಳತೆಯೂ ನಡೆಯುವುದಿಲ್ಲ. ನಾಲ್ಕು ಕಾಲಿನ ಮಾಳವನ್ನು ಆನೆ ಮೈ ಉಜ್ಜಿಯೇ ಬೀಳಿಸುತ್ತದೆ. ನಾವು ದೊಡ್ಡ ಮರದ ಕವಲಿನಲ್ಲಿ ಅಟ್ಟಣೆ ಹಾಕುತ್ತೇವೆ, ಸೊಂಡಿಲು ಎಟುಕದಷ್ಟು ಮೇಲೆ. ಮರಕ್ಕೆ ಮೊಳೆ ಹೊಡೆಯದೆ ಹಗ್ಗದಲ್ಲೇ ಬಿಗಿಯಬೇಕು, ವರ್ಷಕ್ಕೊಮ್ಮೆ ಬಿಚ್ಚಿ ಸಡಿಲಿಸಬೇಕು. ಇಲ್ಲದಿದ್ದರೆ ಮರ ದಪ್ಪವಾಗುತ್ತಾ ಹಗ್ಗ ತೊಗಟೆಯೊಳಗೆ ಇಳಿದು ಕೊಂಬೆ ಸಾಯುತ್ತದೆ.

ಮಾಳ ಕಟ್ಟಿದ ಮೇಲೆ ಬೇಲಿಗೆ ಲೈನಿನಿಂದ ನೇರ ಕರೆಂಟು ಕೊಡುವ ಯೋಚನೆ, ಉರುಳು ಹಾಕುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅಪರಾಧ, ಮನುಷ್ಯರೂ ಸತ್ತಿದ್ದಾರೆ. ಬೆಳೆ ಹಾಳಾದ ದಿನವೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ನಿಮ್ಮ ತಮ್ಮನ ಕ್ಯಾಮೆರಾ ಅದಕ್ಕೂ ಆಗುತ್ತದೆ.

ಸಾಗರದಿಂದ ಮತ್ತೆ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಕಾಲು ಕಬ್ಬಿಣದ್ದು, ಮೇಲೆ ಮರ ಅಂತ ತೀರ್ಮಾನ ಮಾಡಿದೆವು. ಹಳೇ ಕೊಟ್ಟಿಗೆ ಬಿಚ್ಚಿದ ಪಕಾಸು ಇದೆ. ಗದ್ದೆ ಕೆಳಬದಿಯಲ್ಲಿ ಧರೆ (ಎತ್ತರದ ಮಣ್ಣಿನ ದಿಬ್ಬ) ಮೇಲೆ ಜಾಗವೂ ಸಿಕ್ಕಿತು. ಕೆಲಸ ಯಾವಾಗ ಶುರು ಮಾಡಬೇಕು? ವರ್ಷ ವರ್ಷ ಏನು ನೋಡಿಕೊಳ್ಳಬೇಕು?

ಹೊಸನಗರ ಕಡೆಯ ರೈತ

ಫೆಬ್ರವರಿ, ಮಾರ್ಚ್‌ನಲ್ಲಿ ಶುರು ಮಾಡಿ. ಮಣ್ಣು ಗಟ್ಟಿ ಇರುತ್ತದೆ, ಮರ ಒಣಗಿರುತ್ತದೆ. ಹೊಂಡ ಮೊದಲು, ಕಾಂಕ್ರೀಟಿಗೆ ಒಂದು ವಾರವಾದರೂ ನೀರು ಹಾಕಿ. ಗೇರೆಣ್ಣೆ ಏಪ್ರಿಲ್ ಒಳಗೆ ಬಳಿದು ಮುಗಿಸಿ, ಚೆನ್ನಾಗಿ ಹೀರಿಕೊಳ್ಳಲು ಬಿಸಿಲು ಬೇಕು. ವಾಸನೆಯೂ ಅಷ್ಟರಲ್ಲಿ ಹೋಗಿರುತ್ತದೆ.

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಮೇ ಕೊನೆಗೆ ಮಾಡಿನ ಸ್ಕ್ರೂ ಬಿಗಿ ಮಾಡಿ, ಸೋಗೆ ಬದಲಾಯಿಸಿ, ಕೊಳೆತ ಎಲೆ ಗುಡಿಸಿ ಹಾಕಿ. ಮಳೆ ಬಿಟ್ಟ ಮೇಲೆ ಹತ್ತುವ ಮೊದಲು ಕೆಳಗಿನಿಂದಲೇ ಉದ್ದ ಕೋಲಿನಲ್ಲಿ ನೆಲ, ಮಾಡು ತಟ್ಟಿ ನೋಡಿ. ಮಳೆಗಾಲದಲ್ಲಿ ಯಾರೂ ಹತ್ತದೇ ಇದ್ದ ಮಾಳದಲ್ಲಿ ಕಣಜ ಗೂಡು ಕಟ್ಟಿರುತ್ತದೆ, ಹಾವು ಬೆಚ್ಚಗೆ ಮಲಗಿರುತ್ತದೆ. ಕಣಜ ಕಂಡರೆ ಕತ್ತಲಾದ ಮೇಲೆ, ಗೊತ್ತಿರುವವರನ್ನೇ ಕರೆದು ತೆಗೆಸಿ. ಏಣಿಯ ಒಂದೊಂದು ಮೆಟ್ಟಿಲನ್ನೂ ಪೂರ್ತಿ ಭಾರ ಹಾಕುವ ಮೊದಲು ಕಾಲಲ್ಲಿ ಒತ್ತಿ ನೋಡಿ. ಆಮೇಲೆ ಬುಡದ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ. ಹೊಸ ಮರ ಹಾಕಿದ ಮಾಳದಲ್ಲಿ ಮೊದಲ ವರ್ಷ ಬೋಲ್ಟ್ ಸಡಿಲ ಆಗಿಯೇ ಆಗುತ್ತವೆ, ಮರ ಒಣಗಿ ತೆಳ್ಳಗಾಗುತ್ತದೆ. ಎರಡನೇ ವರ್ಷದಿಂದ ಅಷ್ಟು ತೊಂದರೆ ಇಲ್ಲ.