ಸಹಾಯ ಬೇಕು: ನನ್ನದೇ ಡಿಎನ್‌ಎಯಲ್ಲಿ ಮೂರು ಗೆರೆ!

ಮಂಗಳೂರಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಪ್ರಾಜೆಕ್ಟು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಮೇಲೆ. ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಒಂದು ಭಾಗ ತಯಾರಿಸುವ ಬೀಟಾ ಗ್ಲೋಬಿನ್ ಜೀನಿನಲ್ಲಿ ಜಿಎಜಿ ಎಂಬ ಡಿಎನ್‌ಎ ಅಕ್ಷರಗಳು ಇರಬೇಕಾದ ಕಡೆ ಜಿಟಿಜಿ ಇರುತ್ತದೆ, ಬರೀ ಒಂದಕ್ಷರದ ವ್ಯತ್ಯಾಸ. ಡಿಡಿಇ-1 ಎಂಬ ಎನ್‌ಜೈಮು ಸರಿಯಿರುವ ಜಾಗವನ್ನು ಕತ್ತರಿಸುತ್ತದೆ, ಅಕ್ಷರ ಬದಲಾಗಿದ್ದರೆ ಮುಟ್ಟುವುದಿಲ್ಲ. ಪಿಸಿಆರ್ ಮಾಡಿ ಪ್ರತಿ ಹೆಚ್ಚಿಸಿಕೊಂಡ ನನ್ನ ಡಿಎನ್‌ಎ ತುಂಡಿನಲ್ಲಿ ಅದು ಕತ್ತರಿಸುವ ಜಾಗ ಇದೊಂದೇ. ಹಾಗಾಗಿ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ನಾರ್ಮಲ್ ಆದರೆ ಎರಡು ಗೆರೆ, ಕಾಯಿಲೆ ಇದ್ದರೆ ಒಂದು, ಕ್ಯಾರಿಯರ್ (ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾದವರು) ಆದರೆ ಮೂರು.

ಹೋಲಿಸಿ ನೋಡಲು ಕಂಟ್ರೋಲ್ ಇರಲಿ ಅಂತ ಸುಮ್ನೆ ನನ್ನದೇ ಡಿಎನ್‌ಎ ಹಾಕಿದೆ. ಯುವಿ ಕೆಳಗೆ ನೋಡಿದರೆ ಮೂರು ಗೆರೆ ಮಾರಾಯ್ರೆ! ಮೇಲಿನದ್ದು, ಅಂದರೆ ಕತ್ತರಿಸದೆ ಉಳಿದ ತುಂಡು, ಸ್ವಲ್ಪ ಮಸುಕು.

ಎನ್‌ಜೈಮು ಹಾಕಿ ಒಂದು ಗಂಟೆ ಇಡುತ್ತಿದ್ದದ್ದನ್ನು 37 ಡಿಗ್ರಿಯಲ್ಲಿ ಇಡೀ ರಾತ್ರಿ ಇಟ್ಟೆ. ಡಿಎನ್‌ಎ ಕಡಿಮೆ ಮಾಡಿದೆ, ಬಫರ್ ಬದಲಿಸಿದೆ. ಮೇಲಿನ ಗೆರೆ ಇನ್ನೂ ತೆಳುವಾಯಿತು, ಹೋಗಲಿಲ್ಲ. ಕಳೆದ ವಾರ ಗಾಳಿಮಳೆಗೆ ಕರೆಂಟ್ ಹೋಗಿ ಫ್ರೀಜರ್ ನೀರಾಗಿತ್ತು, ಎನ್‌ಜೈಮು ಅದರೊಳಗೇ ಇತ್ತು. ನನಗೆ ಅದರ ಮೇಲೇ ಡೌಟು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಾನು ನಿಜವಾಗಿಯೂ ಕ್ಯಾರಿಯರ್ರಾ, ಅಥವಾ ಎನ್‌ಜೈಮು ಅರ್ಧಂಬರ್ಧ ಕತ್ತರಿಸಿದೆಯಾ? ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರಗಳನ್ನು ನೇರವಾಗಿ ಓದಿಸುವುದಕ್ಕೆ) ದುಡ್ಡು ಹಾಕುವ ಮೊದಲು ಲ್ಯಾಬಿನಲ್ಲೇ ಇದನ್ನು ತಿಳಿಯಲು ಯಾವ ಕಂಟ್ರೋಲ್ ಹಾಕಬೇಕು?